ಬೆಲ್ಲ ಹಚ್ಚಿದ ಹಾರ್ಡ್ ರಾಕ್

ಐವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಉದ್ದಗೂದಲಿನ ಹುಡುಗರು ಎಲೆಕ್ಟ್ರಿಕ್ ಗಿಟಾರಿನಿಂದ ಎಬ್ಬಿಸಿದ ಹಾರ್ಡ್ ರಾಕ್ ಗರ್ಜನೆಯನ್ನು, ಇದ್ದದ್ದು ಇದ್ದ ಹಾಗೆ, ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ ಮತ್ತೆ ಎಬ್ಬಿಸದಿದ್ದರೆ ನನ್ನ ಹೆಸರು ಯಮನೂರಪ್ಪನೇ ಅಲ್ಲ! ಹೀಗೆಂದು ನಾನು ಶಪಥ ಮಾಡಿದ್ದು ಯುಗಾದಿಯ ದಿನ, ಬೇವು-ಬೆಲ್ಲ ಬಾಯಲ್ಲಿಟ್ಟುಕೊಂಡು. ಶಪಥ ನೆರವೇರಿತು. ಗರ್ಜನೆ ಎದ್ದಿತು. ಕಾರಟಗಿಯ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆದರೆ ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನ್ಯಾಯ ನೀವೇ ಹೇಳಿ.

ನಾನು ನೀರಾವರಿ ಕಚೇರಿಯ ಗುಮಾಸ್ತ. ಕಾಲುವೆಗೆ ನೀರು ಬಿಡುವ ಕಾಗದಗಳಿಗೆ ನಂಬರು ಹಾಕುವುದು ನನ್ನ ಹೊಟ್ಟೆಪಾಡು. ಆದರೆ ಕಾಲೇಜು ದಿನಗಳಲ್ಲಿ ಗಂಗಾವತಿಯ ಹಾಸ್ಟೆಲ್ಲಿನಲ್ಲಿ ಯಾರದೋ ಕ್ಯಾಸೆಟ್ಟಿನಿಂದ ಆ ಗಿಟಾರು ಕಿವಿಗೆ ಬಿದ್ದಾಗಿನಿಂದ ನನ್ನ ಎದೆಯೊಳಗೆ ಬೇರೆಯೇ ಒಬ್ಬ ಮನುಷ್ಯ ಕೂತಿದ್ದಾನೆ. ಆ ನಾದ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಮದುವೆ ಆರ್ಕೆಸ್ಟ್ರಾದ ಕಿಣಿಕಿಣಿ ಅಲ್ಲ. ಭತ್ತ ಹೇರಿದ ಟ್ರ್ಯಾಕ್ಟರು ಕಾಲುವೆಯ ಏರಿ ಹತ್ತುವಾಗ ಗೊರಗುಡುತ್ತದಲ್ಲ, ಹಾಗೆ ಗೊರಗುಡಬೇಕು. ಆದರೆ ಆ ಗೊರಗಿನೊಳಗೆ ಸ್ವರ ನೆಟ್ಟಗೆ ನಿಂತಿರಬೇಕು. ಒಡಕೂ ಬೇಕು, ಸ್ವರವೂ ಬೇಕು. ಇದನ್ನೇ ಬಲ್ಲವರು ಟೋನು ಎನ್ನುತ್ತಾರೆ.

ಫೋನಿನಲ್ಲಿ ಅದನ್ನು ಹೆಂಡತಿ ರೇಣುಕಾಳಿಗೆ ಕೇಳಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ಕೆಟ್ಟೈತೇನ್ರಿ ಇದು?"

"ಕೆಟ್ಟಿಲ್ಲ. ಅದ ಅದರ ಚೆಂದ."

"ಹಂಗಾರ ನಮ್ಮ ಮಿಕ್ಸರ್‌ನೂ ಭಾಳ ಚೆಂದ ಐತಿ ಬಿಡ್ರಿ. ರಿಪೇರಿ ಮಾಡ್ಸ್ರಿ ಅಂತ ನಾ ಸುಮ್ನ ನಿಮ್ಮ ಬೆನ್ನ ಹತ್ತೀನಿ."

ಇಂಥ ಮನೆಯಲ್ಲಿ ಕಲೆ ಹುಟ್ಟಬೇಕು! ಆದರೂ ನಾನು ಎದೆಗುಂದಲಿಲ್ಲ. ಅಡುಗೆಮನೆಯಲ್ಲಿ ಇಲಿ ಸೇರಿಕೊಂಡಿದೆ, ಒಂದು ಬೋನು ತನ್ನಿ ಎಂದು ಅವಳು ಗಂಗಾವತಿಗೆ ಕಳಿಸಿದ ದಿನವೇ ನನ್ನ ಭಾಗ್ಯದ ಬಾಗಿಲು ತೆರೆಯಿತು. ದಾರಿಯಲ್ಲೇ ಸಿಗುವ ಸಾಣಾಪುರದಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುವ ಮುನವ್ವರ ಎಂಬವನ ಹತ್ತಿರ, ಯಾರೋ ವಿದೇಶಿ ಬಿಟ್ಟುಹೋದ ಎಲೆಕ್ಟ್ರಿಕ್ ಗಿಟಾರು ಇದೆ ಎಂದು ಕೇಳಿದ್ದೆ. ಹೋಗಿ ನೋಡಿದರೆ ಅದನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ, ಅದರ ಮೇಲೆ ಟವೆಲ್ ನೇತುಹಾಕಿದ್ದ. ನನ್ನ ರಕ್ತ ಕುದಿಯಿತು. ಟವೆಲ್ ಅವನ ಕೈಗೆ ಕೊಟ್ಟು ಗಿಟಾರನ್ನು ಬಿಡಿಸಿಕೊಂಡು ಬಂದೆ.

ಬಾಗಿಲಲ್ಲೇ ರೇಣುಕಾ ನಿಂತಿದ್ದಳು.

"ಬೋನು ತರ್ರಿ ಅಂದ್ರ ಇದೇನ ತಂದ್ರಿ?"

"ಗಿಟಾರು."

"ಇದರಾಗ ಇಲಿ ಬೀಳ್ತಾವೇನು?"

ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ ಎನಿಸಿತು. ತಂತಿ ಬಿಗಿದು, ಮನೆಯಲ್ಲಿದ್ದ ಸಣ್ಣ ಸ್ಪೀಕರಿಗೆ ಸಿಕ್ಕಿಸಿ, ಬಲ್ಲ ಒಂದೇ ಸಾಲನ್ನು ಬಾರಿಸಿದೆ. ಟಿಣ್ ಟಿಣ್ ಎಂದಿತು. ಜೋರು ಮಾಡಿದೆ. ಜೋರಾಗಿ ಟಿಣ್ ಟಿಣ್ ಎಂದಿತು. ಗೋಡೆಯಾಚೆಯಿಂದ ನೆರೆಮನೆಯ ಫಾತಿಮಾಬೀ ಕೂಗಿ ಕೇಳಿದರು: "ರೇಣುಕಕ್ಕಾ, ಐಸ್‌ಕ್ರೀಮ್ ಗಾಡಿ ಬಂತೇನ್ರಿ?"

ಅಲ್ಲಿಂದ ಶುರುವಾಯಿತು ನನ್ನ ತಪಸ್ಸು. ಫೋನಿನಲ್ಲಿ ಟೋನು ಬದಲಿಸುವ ಆ್ಯಪು ಹಾಕಿಕೊಂಡೆ. ಅದು ಕಿವಿಯೊಳಗೆ ಸೊಳ್ಳೆ ಹೊಕ್ಕಂತೆ ಕೇಳಿಸಿತು. ಸ್ಪೀಕರನ್ನು ಕೊಡದೊಳಗೆ ಇಟ್ಟೆ, ಹಿಟ್ಟಿನ ಡಬ್ಬಿಯೊಳಗೆ ಇಟ್ಟೆ, ಸ್ನಾನದ ಮನೆಯಲ್ಲಿ ಬಕೆಟ್ಟು ಬೋರಲು ಹಾಕಿ ಅದರಡಿ ಇಟ್ಟೆ. ಎಲ್ಲಿಟ್ಟರೂ ಅದೇ ಸಾಧುಸ್ವಭಾವ. ಆಫೀಸಿನಿಂದ ಬಂದವನು ಅದೇ ಸಾಲು, ಉಂಡ ಮೇಲೆ ಅದೇ ಸಾಲು.

"ಹಾಡಿದ್ದ ಹಾಡೋ ಕಿಸಬಾಯಿದಾಸ ಅಂದಂಗಾತು," ಎಂದಳು ರೇಣುಕಾ. "ಮುಂದಿನ ಸಾಲು ಬರಂಗಿಲ್ಲೇನ್ರಿ?"

"ಟೋನ್ ಬರೂತನಕ ಮುಂದಿನ ಸಾಲಿಗೆ ಹೋಗಂಗಿಲ್ಲ. ಅದು ನನ್ನ ವ್ರತ."

"ಇಲಿಯರ ಮುಂದಿನ ಡಬ್ಬಿಗೆ ಹೋಗೇತಿ. ನಿನ್ನೆ ಶೇಂಗಾ, ಇವತ್ತ ಅವಲಕ್ಕಿ."

ಹೀಗಿರುವಾಗ ಒಂದು ಭಾನುವಾರ ನನ್ನ ಮಾವ ಗ್ಯಾನಪ್ಪನವರು ಟಂಟಂ ಗಾಡಿಯಲ್ಲಿ ಬಂದಿಳಿದರು. ಇಟಗಿ ಪಕ್ಕದ ಹಳ್ಳಿಯವರು. ಊರ ಭಜನಾ ಮಂಡಳಿಯ ಹಿರಿಯರು. ಅವರ ಹಾರ್ಮೋನಿಯಂ ಇಲ್ಲದೆ ಅಲ್ಲಿ ಭಜನೆಗೆ ಯಾರೂ ಬಾಯಿ ತೆರೆಯುವುದಿಲ್ಲ. ಗಾಡಿಯಿಂದ ಎರಡು ಹೊಸ ಸೌಂಡ್ ಬಾಕ್ಸು, ಒಂದು ಆಂಪ್ಲಿಫೈಯರು ಇಳಿದವು. ಬಾಕ್ಸುಗಳು ಒಂದೊಂದೂ ಗೋಧಿ ಚೀಲದಷ್ಟು ಎತ್ತರ. ನನ್ನ ಕೈ ಆಗಲೇ ತುರಿಸತೊಡಗಿತು.

"ಅಳಿಯಂದ್ರ, ಹ್ವಾದ ವರ್ಷ ಕಾರಟಗಿ ಸ್ಪರ್ಧೆದಾಗ ಏನಾತು ನಿಮ್ಗ ಗೊತ್ತೈತಿ," ಎಂದರು ಮಾವ, ನೀರು ಕುಡಿದು.

"ಗೊತ್ತೈತ್ರಿ ಮಾವಾರ."

"ತೀರ್ಪು ಕೊಡಾಂವ ಮೈಕಿನ್ಯಾಗ ಹೇಳಿದ. ಇವರ ಪದ ಛಲೋ ಅದಾವ, ಧ್ವನಿ ಮಾತ್ರ ಬಡಕಲ ಐತಿ ಅಂತ. ಜ್ವಾಳದ ರೊಟ್ಟಿ ತಿನ್ನೋ ಮಂದಿಗೆ ಅನ್ನಾ ಉಣ್ಣೋರು ಬಡಕಲ ಅನ್ನಬೇಕಾ? ಅವತ್ತಿಂದ ನಾ ಊರ ಬಿಟ್ಟು ಹೊರಗ ಪೇಟಿ ಬಾರಿಸಿಲ್ಲ."

ಪೇಟಿ ಎಂದರೆ ಹಾರ್ಮೋನಿಯಂ, ಪದ ಎಂದರೆ ಭಜನೆಯ ಹಾಡು. ರೇಣುಕಾ ಸೆರಗಿನ ತುದಿ ಹಿಡಿದು ನೆಲ ನೋಡುತ್ತಿದ್ದಳು.

"ಮಂಡಳಿಯವರೆಲ್ಲ ಪಟ್ಟಿ ಹಾಕಿ, ರೊಕ್ಕ ಕೂಡ್ಸಿ ಇವನ್ನ ತಗೊಂಡೀವಿ," ಎಂದು ಮಾವ ಮುಂದುವರಿಸಿದರು. "ಗುಡಿಗೆ ಸುಣ್ಣ ಬಳ್ಯಾಕತ್ತಾರ, ಅಲ್ಲಿ ಇಡಾಕ ಬರಂಗಿಲ್ಲ. ಶ್ರಾವಣತನಕ ನಿಮ್ಮ ಮನ್ಯಾಗ ಇರ್ಲಿ. ಈ ಸಲ ಒಂದ ನೋಡತೀನಿ. ಈ ಸಲಾನೂ ಬಡಕಲ ಅಂದ್ರ ಪೇಟಿ ಮುಚ್ಚಿ ಅಟ್ಟದ ಮ್ಯಾಲೆ ಇಡತೀನಿ, ಮತ್ತ ಇಳಸಂಗಿಲ್ಲ. ಯಾರೂ ಕೈ ಹಚ್ಚಬಾರದು ಇವಕ್ಕ."

ಎರಡೂ ಬಾಕ್ಸುಗಳಿಗೆ ವಿಭೂತಿ ಎಳೆದರು. ನಾನು ಎದೆ ಮುಟ್ಟಿಕೊಂಡು ಹೇಳಿದೆ: "ನಾ ಕೈ ಹಚ್ಚಂಗಿಲ್ರಿ ಮಾವಾರ."

ಆ ಮಾತಿಗೆ ನಾನು ತಪ್ಪಿದೆ ಎಂದು ಈಗ ಬೀಗರ ಸಾಲಿನಲ್ಲೆಲ್ಲ ಸುದ್ದಿ. ಸುಳ್ಳು! ಬಾಕ್ಸಿಗೆ ತಗುಲಿದ್ದು ನನ್ನ ಕೈಯಲ್ಲ, ಬ್ಲೇಡು. ಆದದ್ದು ಇಷ್ಟೇ. ಫೋನಿನಲ್ಲಿ ಬಿಳಿಗಡ್ಡದ ವಿದೇಶಿಯೊಬ್ಬ ವಿಡಿಯೋದಲ್ಲಿ ಗುಟ್ಟು ಬಿಚ್ಚಿದ್ದ. ಹಳೆಯ ಕಾಲದವರು ಆ ಗರ್ಜನೆ ಬರಿಸಲು ಸ್ಪೀಕರಿನ ಒಳಗಿನ ಕಾಗದದ ಬಟ್ಟಲನ್ನೇ ಬ್ಲೇಡಿನಿಂದ ಸೀಳುತ್ತಿದ್ದರಂತೆ. ಸೀಳಿದ ಕಾಗದ ಅದುರಿದರೆ ಒಡಕು ತಾನಾಗಿ ಬರುತ್ತದಂತೆ. ನಾನು ಹಣೆ ಬಡಿದುಕೊಂಡೆ. ಬಕೆಟ್ಟಿನಡಿ ಹುಡುಕುತ್ತಿದ್ದೆನಲ್ಲ ನಾನು, ಮೂರ್ಖ!

ನನ್ನ ಸಣ್ಣ ಸ್ಪೀಕರನ್ನು ಸೀಳಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ನೋಡಿದೆ. ಅದು ಸತ್ತೇ ಹೋಯಿತು. ದೊಡ್ಡ ನಾದಕ್ಕೆ ದೊಡ್ಡ ಬಟ್ಟಲು ಬೇಕು, ದೊಡ್ಡ ಬಟ್ಟಲು ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದೆ. ಒಂದಲ್ಲ, ಎರಡು. ಒಂದಕ್ಕೆ ಸಣ್ಣದೊಂದು ಗೀರು ಎಳೆದರೆ ಯಾರ ಗಂಟು ಹೋಗುತ್ತದೆ?

ಹುಣ್ಣಿಮೆಯ ದಿನ ರೇಣುಕಾ ಹುಲಿಗೆಮ್ಮನ ದರ್ಶನಕ್ಕೆ ಹೋದಳು. ನಾನು ಬಾಗಿಲು ಹಾಕಿ, ಮುಂದಿನ ಜಾಲರಿಯ ಸ್ಕ್ರೂ ಬಿಚ್ಚಿ, ಕಣ್ಣು ಮುಚ್ಚಿ ಸರ್ರನೆ ಎಳೆದೆ. ಗಿಟಾರು ಸಿಕ್ಕಿಸಿದೆ. ಒಂದು ತಂತಿ ಮುಟ್ಟಿದೆ.

ಅಯ್ಯೋ, ಏನು ಹೇಳಲಿ! ಗೊರ್ರೆಂದಿತು. ಕಪಾಟಿನ ತಟ್ಟೆಗಳು ಅದುರಿದವು. ಹಾಸ್ಟೆಲ್ಲಿನ ಆ ಸಂಜೆ ಎದ್ದು ಬಂದು ನನ್ನ ಪಡಸಾಲೆಯಲ್ಲಿ ನಿಂತಿತು. ನಾನು ಅಳುತ್ತಲೇ ಆ ಸಾಲನ್ನು ಮತ್ತೆ ಮತ್ತೆ ಬಾರಿಸಿದೆ. ಬಾಗಿಲು ದಬದಬ ಬಡಿದ ಸದ್ದು ಕೇಳಿ ತೆರೆದರೆ ಫಾತಿಮಾಬೀ, ಕೈಯಲ್ಲಿ ನೀರಿನ ಬಕೆಟ್ಟು.

"ಅಣ್ಣಾರ, ಸ್ವಿಚ್ ತೆಗೀರಿ ಮೊದ್ಲ. ಮಿಕ್ಸರ್ ಸುಡಾಕತ್ತೈತಿ."

ಅವರ ಹಿಂದೆಯೇ, ಕುಂಕುಮ ಹಚ್ಚಿಕೊಂಡು, ಕಾಯಿ-ಕರ್ಪೂರದ ಬುಟ್ಟಿ ಹಿಡಿದು ರೇಣುಕಾ ನಿಂತಿದ್ದಳು. ಬಿಚ್ಚಿದ ಜಾಲರಿ ಕಂಡಳು, ಬ್ಲೇಡು ಕಂಡಳು. ಮೊದಲು ಫಾತಿಮಾಬೀಯವರನ್ನು ಸಾಗಹಾಕಿದಳು.

"ಕೊಯ್ದ್ರಿ?"

"ಕೊಯ್ದಿಲ್ಲ. ಟೋನ್ ತೆಗದೀನಿ. ಕೇಳಿಲ್ಲಿ."

"ನಮ್ಮಪ್ಪ ಪೇಟಿ ಅಟ್ಟದ ಮ್ಯಾಲೆ ಇಟ್ರ, ನಿಮ್ಮ ಬಾಯಾಗ ಟೋನ್ ತೆಗೀತೀನಿ ನಾ." ಹೀಗೆಂದವಳು ಅಲ್ಲೇ ಕೂತುಬಿಟ್ಟಳು. "ನಮ್ಮವ್ವ ಹೋದ ಮ್ಯಾಲೆ ಆ ಪೇಟಿ ಒಂದ ರೀ ಅಂವಗ ಮಾತಾಡಾಕ ಇರೋದು. ಅದೂ ಹೋದ್ರ ಏನು ಮಾಡ್ಬೇಕು ಅಂವ?"

ಅವಳ ಕಣ್ಣಲ್ಲಿ ನೀರು ಕಂಡು ಗಿಟಾರನ್ನು ಕೆಳಗಿಟ್ಟೆ. ಗರ್ಜನೆ, ಕಲೆ, ಇಂಗ್ಲೆಂಡು ಎಲ್ಲ ಒಮ್ಮೆಲೇ ತಣ್ಣಗಾದವು. ಹೊಸಪೇಟೆಗೆ ಒಯ್ದು ರಿಪೇರಿ ಮಾಡಿಸೋಣ ಎಂದೆ. ಅಂಗಡಿಯವನು ತನ್ನಪ್ಪನ ಗುರುತಿನವನು, ಹೊತ್ತು ಮುಳುಗುವುದರೊಳಗೆ ಸುದ್ದಿ ಇಟಗಿ ಮುಟ್ಟುತ್ತದೆ ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು ಎದ್ದಳು.

ಅವಳ ತವರಿನಲ್ಲಿ ಮೊರ ಸೀಳಿದರೆ ಯಾರೂ ಎಸೆಯುವುದಿಲ್ಲ. ಹಳೆ ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ, ಸೀಳಿನ ಮೇಲೆ ಮೆತ್ತುತ್ತಾರೆ. ಒಣಗಿತೆಂದರೆ ಮೊರ ಮತ್ತೆ ಹೊಸದು. ಬಾಕ್ಸಿನೊಳಗೂ ಕಾಗದವೇ ತಾನೇ? ರೇಣುಕಾ ಮೆಂತ್ಯ ರುಬ್ಬಿ, ಸೀಳಿನ ಮೇಲೆ ತೆಳ್ಳಗೆ ಬಳಿದು, ಬೆರಳಿನಿಂದ ನೇವರಿಸಿ ಕೂರಿಸಿದಳು.

"ಇಷ್ಟ ಸಾಕು. ಇನ್ನ ಮುಟ್ಟಬ್ಯಾಡ್ರಿ," ಎಂದು ಕೈ ತೊಳೆಯಲು ಹೋದಳು.

ಸಾಕಂತೆ! ನೀರಾವರಿ ಇಲಾಖೆಯವನ ಮನೆಯಲ್ಲಿ ಇಂಥ ತೆಳು ಕಾಮಗಾರಿ ನಡೆಯುವುದೇ? ನಮ್ಮ ಡ್ಯಾಮು ನಿಂತಿರುವುದು ಗಾರೆಯ ಮೇಲೆ. ಹಿಂದಿನವರು ಗಾರೆ ಗಟ್ಟಿ ಬರಲೆಂದು ಬೆಲ್ಲದ ನೀರು ಬೆರೆಸುತ್ತಿದ್ದರೆಂದು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ನಮ್ಮ ಡ್ಯಾಮಿಗೂ ಬೆರೆಸಿದ್ದರೋ ಇಲ್ಲವೋ ತಿಳಿಯದು, ಕಟ್ಟುವಾಗ ನಾನು ಹುಟ್ಟಿರಲಿಲ್ಲ. ಆದರೆ ಶಾಸ್ತ್ರ ಶಾಸ್ತ್ರವೇ. ಜೋಳದ ಹಿಟ್ಟಿಗೆ ಬೆಲ್ಲ ಹಾಕಿ, ಕುದಿಸಿ, ಗಟ್ಟಿ ಪಾಕ ಮಾಡಿ, ರೇಣುಕಾ ಹಿಂದಿರುಗುವುದರೊಳಗೆ ಬಟ್ಟಲಿನ ಅಂಚಿಗೆ ಸುತ್ತಲೂ ಒಡ್ಡು ಕಟ್ಟಿದೆ.

"ಘಮ್ ಅನ್ನಾಕತ್ತೈತಲ್ರಿ, ಏನ ಹಾಕಿದ್ರಿ?"

"ಬೆಲ್ಲ. ಗಟ್ಟಿ ಬರ್ಲಿ ಅಂತ."

"ಡ್ಯಾಮ್ ಕಟ್ಟೀರೋ, ಹೋಳಿಗಿ ಮಾಡೀರೋ?"

ಒಣಗಿದ ಮೇಲೆ ಹಚ್ಚಿ ನೋಡಿದೆವು. ಸ್ವಚ್ಛವಾದ, ಸಾಧುವಾದ, ನನ್ನ ಪಾಲಿಗೆ ಸತ್ತುಹೋದ ಧ್ವನಿ ಬಂತು. ರೇಣುಕಾ ಜಾಲರಿ ಬಿಗಿದು, ಬಾಕ್ಸಿನ ಮೇಲೆ ದುಪ್ಪಟಿ ಹೊದಿಸಿ, ಗಿಟಾರನ್ನು ಮಂಚದ ಕೆಳಗೆ ತಳ್ಳಿದಳು. ಶ್ರಾವಣದವರೆಗೆ ನಾನು ಆ ಬಾಕ್ಸಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮನೆಯಲ್ಲಿ ಶಾಂತಿ ನೆಲೆಸಿತು. ಅಡುಗೆಮನೆಯ ಇಲಿ ಕೂಡ ಡಬ್ಬಿಗಳ ತಂಟೆಗೆ ಬರುವುದನ್ನು ಬಿಟ್ಟಿತು. ಅದೂ ಏನೋ ವ್ರತ ಹಿಡಿದಿರಬೇಕೆಂದು ನಾವು ಸಂತೋಷಪಟ್ಟೆವು.

ಸ್ಪರ್ಧೆಯ ದಿನ ಮಂಡಳಿಯ ಡಗ್ಗಾ ಬಾರಿಸುವ ಕಳಕಪ್ಪ ಟಂಟಂ ತಂದ. ಮಾವನವರು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಪೇಟಿ ಇಟ್ಟುಕೊಂಡು ಕೂತಿದ್ದರು, ಮುಖ ಬಿಗಿದುಕೊಂಡು.

"ಒಂದ ಸಲ ಹಚ್ಚಿ ನೋಡೂಣೇನ್ರಿ?" ಎಂದ ಕಳಕಪ್ಪ.

"ವೋಲ್ಟೇಜ್ ಇಲ್ಲ," ಎಂದೆ ನಾನು ಥಟ್ಟನೆ. "ಹೂವಿನಂಗ ಅದಾವ, ನಡೀರಿ."

ಕಾರಟಗಿಯ ರೈಸ್ ಮಿಲ್ಲೊಂದರ ಅಂಗಳದಲ್ಲಿ ವೇದಿಕೆ. ನಮಗಿಂತ ಮೊದಲು ಹಾಡಿದ ಊರಿನ ಮಂಡಳಿ ಅಬ್ಬರಿಸಿ ಇಳಿಯಿತು. ಮಾವನವರು ಮೆಟ್ಟಿಲು ಹತ್ತಿ ಕೂತರು. ಹಾಡುವವರ ಮೈಕು ಒಂದು ಬಾಕ್ಸಿಗೆ, ಪೇಟಿಯ ಮೈಕು ಇನ್ನೊಂದಕ್ಕೆ. ಆ ಇನ್ನೊಂದು ಯಾವುದೆಂದು ದುಪ್ಪಟಿ ತೆಗೆದಾಗ ನನಗೆ ಗೊತ್ತಾಯಿತು. ರೇಣುಕಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

ಮಾವನವರು ಗಾಳಿ ಹಾಕಿ ಮೊದಲ ಸ್ವರ ಒತ್ತಿದರು.

ಗೊರ್ರ್!

ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ತೀರ್ಪುಗಾರರ ಕೈಯಿಂದ ಚಹದ ಲೋಟ ಜಾರಿತು. ಮಾವನವರು ಬೆಚ್ಚಿ ಪೇಟಿ ನೋಡಿದರು, ಬಾಕ್ಸು ನೋಡಿದರು. ಆದರೆ ಎತ್ತಿದ ಪದವನ್ನು ನಡುವೆ ಇಳಿಸಬಾರದೆಂಬುದು ಅವರ ಮಂಡಳಿಯ ಕಟ್ಟಳೆ. ಒತ್ತುತ್ತ ಹೋದರು. ಅದು ಗರ್ಜಿಸುತ್ತ ಹೋಯಿತು. ಆ ಒಡಕಿನೊಳಗೆ ಸ್ವರ ನೆಟ್ಟಗೆ ನಿಂತಿತ್ತು! ನಾನು ಬ್ಲೇಡಿನಿಂದ ತೆಗೆದದ್ದಕ್ಕಿಂತ ಗಟ್ಟಿ, ದಪ್ಪ, ಕಪ್ಪು. ಹಾಸ್ಟೆಲ್ಲಿನ ಕ್ಯಾಸೆಟ್ಟೂ ಅದರ ಮುಂದೆ ಬಡಕಲು. ಮಾವನವರ ಮುಖ ಸಡಿಲಾಯಿತು, ಬೆನ್ನು ನೆಟ್ಟಗಾಯಿತು. ಕಳಕಪ್ಪ ಕಣ್ಣು ಮುಚ್ಚಿ ಡಗ್ಗಾ ಕುಟ್ಟತೊಡಗಿದ. ಮಿಲ್ಲಿನ ಹಮಾಲರು ಎದ್ದು ಕುಣಿದರು.

ನಾನು ಕುರ್ಚಿಯ ಮೇಲೆ ಹತ್ತಿ ಕೂಗಿದೆ: "ನಂದದು! ಆ ಟೋನ್ ನಂದು!"

"ಏ, ಕೂಡ್ರಪಾ ಮಾರಾಯ, ಪದ ಕೇಳಗೊಡು," ಎಂದು ಹಿಂದಿನವರು ನನ್ನ ಅಂಗಿ ಹಿಡಿದು ಜಗ್ಗಿದರು.

ತೀರ್ಪುಗಾರರು ಮೈಕು ಹಿಡಿದು, "ಹ್ವಾದ ವರ್ಷ ನಾ ಬಡಕಲ ಅಂದಿದ್ದೆ. ಆ ಮಾತು ವಾಪಸ್ ತಗೊಂಡೀನಿ. ಇವತ್ತ ಆ ಪೇಟ್ಯಾಗ ಹುಲಿ ಕುಂತಿತ್ತು," ಎಂದರು. ಬಹುಮಾನದ ಢಾಲಿನ ಜೊತೆ ಅಕ್ಕಿ ಮೂಟೆಯೂ ಬಂತು. ಮಾವನವರು ಢಾಲನ್ನು ಕಳಕಪ್ಪನಿಗೆ ಕೊಟ್ಟು, ಪೇಟಿಯನ್ನು ತಬ್ಬಿಕೊಂಡು ಇಳಿದರು. ರೇಣುಕಾ ಅಳುತ್ತ ನಗುತ್ತಿದ್ದಳು. ಮಾವನವರಿಗೆ ಶಾಲು, ಪೇಟಿಗೆ ಹಾರ, ಬಾಕ್ಸಿಗೂ ಹಾರ. ನನಗೆ? ಅಂಗಿಯ ಗುಂಡಿ ಕಿತ್ತಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಚಹ ಕುಡಿಯುತ್ತ ಮಾವನವರು, ಪೇಟಿಗೆ ಹುಲಿಗೆಮ್ಮನ ಕೃಪೆಯಾಗಿದೆ ಎಂದು ಶುರುಮಾಡಿದರು. ನನ್ನಿಂದ ತಡೆಯಲಾಗಲಿಲ್ಲ. ಎಷ್ಟೆಂದು ಅನ್ಯಾಯ ಸಹಿಸುವುದು?

"ಮಾವಾರ, ಅದು ಅಮ್ಮನ ಕೃಪಾ ಅಲ್ಲ. ನನ್ನ ವಿದ್ಯಾ. ಬಾಕ್ಸಿನ ಬಟ್ಟಲಾ ಬ್ಲೇಡಿಲೆ ಕೊಯ್ದಾಂವ ನಾನು. ಅದಕ್ಕ ಹಂಗ ಗರ್ಜನಿ ಬಂತು."

ಮಾವನವರು ಲೋಟ ಕೆಳಗಿಟ್ಟರು. ಬೈಯುತ್ತಾರೆಂದುಕೊಂಡೆ. ಬದಲಿಗೆ, "ತೆಗೀರಿ, ನೋಡೂಣು," ಎಂದರು. ನಾನು ಗತ್ತಿನಿಂದ ಸ್ಕ್ರೂ ಬಿಚ್ಚಿ ಜಾಲರಿ ಎತ್ತಿದೆ.

ನಾನು ಕೊಯ್ದ ಸೀಳು, ರೇಣುಕಾ ಹಚ್ಚಿದ ಮೆಂತ್ಯದಡಿ, ಕಲ್ಲಿನಂತೆ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಕಹಿಗೆ ಅದನ್ನು ಯಾರೂ ಮುಟ್ಟಿರಲಿಲ್ಲ. ಆದರೆ ನಾನು ಸುತ್ತಲೂ ಕಟ್ಟಿದ್ದ ಬೆಲ್ಲದ ಒಡ್ಡು ಪೂರಾ ಮಾಯ. ಅದರ ಜೊತೆಗೆ ಬಟ್ಟಲಿನ ಅಂಚೂ ಅರ್ಧದಷ್ಟು ಮಾಯ, ಜಾಲರಿಯ ಹಾಗೆ ಕಚ್ಚಿ ಕಚ್ಚಿ ತಿಂದಿತ್ತು. ಕೆಳಗೆ ಕರಿಜೀರಿಗೆ ಚೆಲ್ಲಿದಂತೆ ಹಿಕ್ಕೆ. ಮೂಲೆಯಲ್ಲಿ, ಬಾಕ್ಸಿನ ಗಾಳಿ ತೂತಿನ ಪಕ್ಕ, ನಮ್ಮ ದುಪ್ಪಟಿಯ ಚೂರು ಹಾಸಿಕೊಂಡು ಮಾಡಿದ ಸಣ್ಣ ಹಾಸಿಗೆ. ಅಲ್ಲಿ ಕುಂತಿದ್ದದ್ದು ಹುಲಿಯಲ್ಲ.

ಮಾವನವರು ಬಗ್ಗಿ ನೋಡಿದರು, ನನ್ನನ್ನು ನೋಡಿದರು, ಮೀಸೆಯಡಿ ನಕ್ಕರು.

"ಇರ್ಲಿ ಬಿಡ್ರಿ ಅಳಿಯಂದ್ರ. ಯಾರ ಮಾಡಿದ್ರೂ ಕೆಲಸ ಛಲೋ ಆಗೈತಿ. ಬರೋ ವರ್ಷ ಕುಷ್ಟಗ್ಯಾಗ ದೊಡ್ಡ ಸ್ಪರ್ಧಾ ಐತಿ. ಇನ್ನೊಂದು ಬಾಕ್ಸೂ ಇಲ್ಲೇ ಬಿಟ್ಟ ಹೋಗತೀನಿ. ಅದನ್ನೂ ಹಿಂಗ ಮಾಡಿಕೊಡ್ರಿ."

ಕಡೆಗೂ ನನ್ನ ವಿದ್ಯೆಗೆ ಒಂದು ಕರೆ ಬಂತಲ್ಲ! ನಾನು ಕಪಾಟಿಗೆ ಹೋಗಿ ಬ್ಲೇಡು ತೆಗೆದುಕೊಂಡು ಬಂದೆ. ರೇಣುಕಾ ಅದನ್ನು ನನ್ನ ಕೈಯಿಂದ ಮೆಲ್ಲಗೆ ಇಸಿದುಕೊಂಡಳು.

"ನೀವು ಬೆಲ್ಲ ಅಷ್ಟ ಹಚ್ಚಿ ದೂರ ಸರೀರಿ," ಎಂದಳು. "ಟೋನ್ ತೆಗೆಯೋರು ಅಡಗಿಮನ್ಯಾಗ ಅದಾರ."